ಕತ್ತೆಯನ್ನು ಹೊಗಳಿದ ದುರುಗಪ್ಪ

ಒಂದಾನೊಂದು ಕಾಲದಲ್ಲಿ, ಅಂದ್ರೆ ಎಮ್ಮೆಗಳಿಗೂ ಊರ ಸುದ್ದಿ ಬೇಕಾಗಿದ್ದ ಕಾಲದಲ್ಲಿ, ಕರಿಮಣ್ಣಿನ ಸೀಮೆಯಲ್ಲಿ ಒಂದು ದೊಡ್ಡಿ ಇತ್ತಂತೆ. ಹೂಂ ಅನ್ನು ಚೆನ್ನಿ, ನೀನು ಹೂಂಗುಟ್ಟದಿದ್ರೆ ಕತೆ ಅಲ್ಲೇ ನಿಂತುಬಿಡ್ತದೆ. ಹಾಂ, ಹಂಗೆ. ಎಂಥಾ ದೊಡ್ಡಿ ಅಂತೀ, ಅಂಥಾದ್ದು ಹೊಳೆಯಾಚೆ ಇಲ್ಲ, ಗುಡ್ಡದಾಚೆ ಇಲ್ಲ, ಇದ್ರೆ ನಮ್ಮ ಸೀಮೇಲೇ. ಸುತ್ತಲ ಊರವರೆಲ್ಲ ಮಕ್ಕಳು ಮರಿ ಕಟ್ಟಿಕೊಂಡು, ಬುತ್ತಿ ಗಂಟು ಹೊತ್ತುಕೊಂಡು, ಬಂಡಿ ಹೂಡಿಕೊಂಡು ಅದನ್ನ ನೋಡೋಕೆ ಬರ್ತಿದ್ರಂತೆ.

ಅಲ್ಲಿ ಒಂದು ಬಾತುಕೋಳಿ ಇತ್ತು. ಯಾರೇ ಬಾಗಿಲಿಗೆ ಬರಲಿ, ಅವರ ಸೆರಗೋ ಪಂಚೆಯೋ ಕೊಕ್ಕಲ್ಲಿ ಹಿಡಿದು ನೀರಿನ ಕೊಪ್ಪರಿಗೆ ಹತ್ರ ಎಳಕೊಂಡು ಹೋಗ್ತಿತ್ತಂತೆ, ಕಾಲು ತೊಳಕೊಂಡು ಒಳಗೆ ಬನ್ನಿ ಅಂತ. ಒಂದು ಎಮ್ಮೆ ಇತ್ತು, ಯಾರಾದ್ರೂ ಪಕ್ಕ ಕೂತು ಊರ ಸುದ್ದಿ ಹೇಳಿದ್ರೆ ಮಾತ್ರ ಹಾಲು ಬಿಡೋದು. ಇನ್ನೊಂದು ಕತ್ತೆ. ಅದನ್ನ ಹೊಗಳಿದ್ರೆ ನಡೆಯೋದು, ಹೊಗಳೋದು ನಿಲ್ಲಿಸಿದ್ರೆ ಕುಂಡಿ ಊರಿ ಕೂತುಬಿಡೋದು.

ನಗಬೇಡ, ಕೇಳು. ಆ ದೊಡ್ಡಿ ಗಾಳೆವ್ವ ಅನ್ನೋಳದ್ದು. ಅವಳ ಮಗ ದುರುಗಪ್ಪ. ಹುಡುಗ ಗಟ್ಟಿ, ದುಡಿಮೆಗಾರ, ಆದ್ರೆ ಬಾಯಿ ತೆಗೆದ್ರೆ ನಾನು ನಾನು ನಾನು. ನಾನು ಕಟ್ಟಿದ ಬೇಲಿಗೆ ಗಾಳಿನೂ ಕೇಳಿ ಒಳಗೆ ಬರ್ತದೆ ಅನ್ನೋನು. ನನ್ನ ಮೀಸೆ ನೋಡಿ ಜೋಳ ತೆನೆ ಬಿಡ್ತದೆ ಅನ್ನೋನು. ಕತ್ತೆ ಹೊಗಳೋ ಕೆಲಸ ಮಾತ್ರ ಅವ್ವನಿಗೇ ಬಿಟ್ಟಿದ್ದ. ಹೋಗಿ ಹೋಗಿ ನಾನು ಕತ್ತೇನ ಹೊಗಳಲಾ ಅಂತ.

ಹೀಗಿರೋವಾಗ ದೊಡ್ಡಿ ಮುಂದಿನ ಹುಲ್ಲುಗಾವಲು ಕೈತಪ್ಪೋ ಹಂಗಾಯ್ತಂತೆ. ಅದು ಊರ ಗೌಡರದ್ದು. ಕುದುರೆ ವ್ಯಾಪಾರದವನೊಬ್ಬ ಬಂದು ನನಗೆ ಕೊಡಿ, ಸುತ್ತ ಬೇಲಿ ಹಾಕಿಕೊಳ್ತೀನಿ ಅಂದಿದ್ದ. ಹುಲ್ಲು ಹೋದ್ರೆ ಪ್ರಾಣಿಗಳಿಗೆ ಮೇವಿಲ್ಲ, ಮೂರನ್ನೂ ಸಂತೆಗೆ ಹೊಡೀಬೇಕು. ಆಮೇಲೆ ದುರುಗಪ್ಪ ಗೌಡರ ಮುಂದೆ ಹೋಗಿ ನಿಂತು, ನನ್ನ ದೊಡ್ಡಿ ನೋಡದ ಕಣ್ಣು ಕಣ್ಣೇ ಅಲ್ಲ, ಒಮ್ಮೆ ಬಂದು ನೋಡಿ ಆಮೇಲೆ ಮಾತಾಡಿ ಅಂದನಂತೆ. ಗೌಡರು ಮೀಸೆಯೊಳಗೇ ನಕ್ಕು, ಬರ್ತೀನಪ್ಪ, ಮನೆಮಂದಿನೆಲ್ಲ ಕರಕೊಂಡು ಬರ್ತೀನಿ, ಆದ್ರೆ ಹುಲ್ಲುಗಾವಲು ನಿಮಗೇ ಉಳೀಬೇಕಂದ್ರೆ ಮೂರು ಕೆಲಸ ಆಗಬೇಕು ಅಂದ್ರಂತೆ. ನನ್ನ ಮೊಮ್ಮಗಳು ನೀಲಿ ಕರು ಕಂಡ್ರೂ ಚೀರ್ತಾಳೆ, ಅವಳ ಅಂಜಿಕೆ ಬಿಡಬೇಕು. ನಮ್ಮವ್ವ ಈ ಮನೇಲಿ ನನ್ನ ಮಾತು ಕೇಳೋರಿಲ್ಲ ಅಂತ ಮಾತೇ ಬಿಟ್ಟಿದ್ದಾಳೆ, ಅವಳು ಮಾತಾಡಬೇಕು. ಮೂರನೇದು, ನೀನು ನಿನ್ನ ಬಿಟ್ಟು ಇನ್ನೊಬ್ಬರನ್ನ ಬಾಯ್ತುಂಬ ಹೊಗಳೋದನ್ನ ನಾನು ಕಿವಿಯಾರೆ ಕೇಳಬೇಕು.

ದುರುಗಪ್ಪ ಇಷ್ಟೇನಾ ಅಂತ ಮನೆಗೆ ಬಂದ. ಬಂದವನೇ ಪ್ರಾಣಿಗಳ ಸಿಂಗಾರಕ್ಕೆ ನಿಂತನಂತೆ. ಎಮ್ಮೆ ಕೋಡಿಗೆ ಬಣ್ಣ ಬಳಿದ. ಗಾಳೆವ್ವ, ಬೇಡ ಕಣೋ, ಮೈ ತೊಳೆದು ಬಿಡು ಸಾಕು ಅಂದ್ಲು. ಕೇಳಲಿಲ್ಲ. ಕತ್ತೆ ಕೊರಳಿಗೆ ಗೆಜ್ಜೆಸರ ಕಟ್ಟಿದ. ಮಗನೇ, ಅವು ಏನಂತ ತಿಳಕೊಂಡಾವು ಅಂದ್ಲು. ಕೇಳಲಿಲ್ಲ. ಬಾಗಿಲಿಗೆ ಅಡ್ಡಲಾಗಿ ಬೇವಿನ ಸೊಪ್ಪಿನ ತೋರಣ ಬಿಗಿದ. ಗಾಳೆವ್ವ ಹಣೆ ಚಚ್ಚಿಕೊಂಡು, ನಿನ್ನ ತಲೆಯೊಳಗೂ ಸೊಪ್ಪೇ ತುಂಬಿದೆ ನೋಡು ಅಂದ್ಲಂತೆ.

ಯಾಕೆ ಅಂತೀಯಾ? ಕಾರಹುಣ್ಣಿಮೆ ದಿನ ಏನ್ಮಾಡ್ತೀವಿ ಹೇಳು. ಎತ್ತಿನ ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಅಡ್ಡಕ್ಕೊಂದು ಬೇವಿನ ಸೊಪ್ಪಿನ ಹಗ್ಗ. ಹಲಗೆ ಬಡಿದ ಕೂಡ್ಲೇ ಎತ್ತುಗಳು ಓಡಿ ಬಂದು ಆ ಹಗ್ಗ ಹರೀಬೇಕು, ಅದಕ್ಕೇ ಕರಿ ಹರಿಯೋದು ಅಂತಾರೆ. ವರ್ಷಾವರ್ಷಾ ಎತ್ತುಗಳು ಮೆರೆಯೋದನ್ನ ಬೇಲಿಯೊಳಗಿಂದ ನೋಡಿ ನೋಡಿ ಈ ಮೂರಕ್ಕೂ ಹೊಟ್ಟೆಕಿಚ್ಚು ಹತ್ತಿತ್ತು. ಬಣ್ಣ ಬಂತು, ಗೆಜ್ಜೆ ಬಂತು, ಹಗ್ಗ ಬಂತು. ಇನ್ನೇನು, ನಮ್ಮ ಸರದಿನೂ ಬಂತು ಅಂದ್ಕೊಂಡವಂತೆ.

ಆಮೇಲೆ ಗೌಡರ ಬಂಡಿ ಬಂತು. ದುರುಗಪ್ಪ ಮೀಸೆ ತಿರುವಿ, ಗೌಡರನ್ನ ಎದುರುಗೊಳ್ಳೋಕೆ ಕರೆಸಿದ್ದ ಹಲಗೆಯವನಿಗೆ, ಹೊಡಿಯೋ ಹಲಗೇನ ಅಂದ. ಹಲಗೆ ಢಣ್ ಅಂದಿದ್ದೇ ತಡ, ಎಮ್ಮೆ ಬಾಲ ಎತ್ತಿತು, ಕತ್ತೆ ಯಾರೂ ಹೊಗಳದೇನೇ ಓಡಿತು, ಬಾತುಕೋಳಿ ಹಾರಿ ಕತ್ತೆ ಬೆನ್ನೇರಿತು. ಮೂರೂ ಕೂಡಿ ತೋರಣ ಹರಕೊಂಡು, ಗೌಡರ ಪೇಟ ಉರುಳಿಸಿ, ಸೀದಾ ಹುಲ್ಲುಗಾವಲಿಗೆ ನುಗ್ಗಿದವಂತೆ. ಬಂಡಿಯೊಳಗೆ ನೀಲಿ ಕಿಟಾರನೆ ಕಿರುಚಿದಳು. ದುರುಗಪ್ಪನ ಬಾಯಿ ಜನ್ಮದಲ್ಲಿ ಮೊದಲ ಸಲ ಮುಚ್ಚಿತು. ಹೋಯ್ತು, ಹುಲ್ಲೂ ಹೋಯ್ತು, ಮೂಕಜೀವಗಳೂ ಹೋದವು ಅಂತ ಅವನ ಕಣ್ಣಲ್ಲಿ ನೀರಾಡಿತು.

ಅಷ್ಟರಲ್ಲಿ ನೋಡಮ್ಮ, ಬಾತುಕೋಳಿಗೆ ನೆನಪಾಯ್ತು, ಅಯ್ಯೋ ಬಾಗಿಲಲ್ಲಿ ನೆಂಟರು ನಿಂತಿದಾರೆ ಅಂತ. ಹರಿದ ತೋರಣ ತಲೆಗೂ ಕೊರಳಿಗೂ ಸುತ್ತಿಕೊಂಡು, ಮದುಮಗಳ ಹಂಗೆ ತಟಪಟ ತಟಪಟ ವಾಪಸ್ ಬಂತಂತೆ. ಬಂದು ಬಂಡಿಯಿಂದ ಜೋತುಬಿದ್ದಿದ್ದ ನೀಲಿಯ ಲಂಗದ ಅಂಚು ಹಿಡಿದು ಮೆಲ್ಲಗೆ ಎಳೀತು. ನೀಲಿ ಇನ್ನೇನು ಚೀರಬೇಕು, ಬಾತುಕೋಳಿ ತಲೆ ಮೇಲಿನ ಬೇವಿನ ಎಲೆ ಕಣ್ಣಿಗೆ ಜಾರಿ ಅದು ಠಣ್ ಅಂತ ಕೊಪ್ಪರಿಗೆಗೇ ಡಿಕ್ಕಿ ಹೊಡೀತು. ಹುಡುಗಿ ಕಿಲಕಿಲ ನಕ್ಕು ಕೆಳಗೆ ಜಿಗಿದು, ಅದರ ಕಣ್ಣಿನ ಎಲೆ ತಾನೇ ತೆಗೆದು, ತನ್ನ ಕಾಲೂ ತೊಳಕೊಂಡು ಅದರ ಕಾಲೂ ತೊಳೆದಳಂತೆ.

ಎಮ್ಮೆ ಹುಲ್ಲಿನ ನಡುವೆ ಮಲಗಿಬಿಟ್ಟಿತ್ತು. ಸುದ್ದಿ ಇಲ್ಲದೆ ಏಳೋದಿಲ್ಲ. ಗೌಡರ ಅವ್ವ ಕೋಲೂರಿಕೊಂಡು ಹೋಗಿ ಪಕ್ಕ ಕೂತ್ಲು. ಎಮ್ಮೆ ಕಿವಿ ನಿಮಿರಿಸಿ ಅವಳ ಮುಖಾನೇ ನೋಡಿತು. ಮುದುಕಿ ಆ ಕಡೆ ಈ ಕಡೆ ನೋಡಿ, ಕೇಳ್ತೀಯೇನೇ ಅಂದ್ಲು. ಎಮ್ಮೆ ಹೂಂ ಅಂತಂತೆ. ಅಲ್ಲಿಗೆ ಕಟ್ಟೆ ಒಡೀತು ನೋಡು! ತನ್ನ ಮದುವೇಲಿ ಹೋಳಿಗೆ ಸಾಲದೆ ಬೀಗರು ಮುನಿಸಿಕೊಂಡಿದ್ದರಿಂದ ಹಿಡಿದು ಮೊನ್ನೆ ಸೊಸೆ ಸಾರಿಗೆ ಉಪ್ಪು ಮರೆತಿದ್ದರ ತನಕ ಒಂದೇ ಉಸಿರಿಗೆ ಹೇಳಿದ್ಲು. ಗಾಳೆವ್ವ ತಂಬಿಗೆ ಹಿಡಿದ್ಲು, ತಂಬಿಗೆ ತುಂಬಿತು. ಕೊಡ ಹಿಡಿದ್ಲು, ಕೊಡಾನೂ ತುಂಬಿತು, ಸುದ್ದಿ ಮಾತ್ರ ಮುಗೀಲಿಲ್ಲವಂತೆ.

ಉಳಿದಿದ್ದು ಕತ್ತೆ. ಕೂತ್ಬಿಟ್ಟಿದೆ. ಗಾಳೆವ್ವ, ನನ್ನ ಕೈಯಲ್ಲಿ ಹಾಲಿನ ಕೊಡ ಇದೆಯಪ್ಪ, ನೀನೇ ಎಬ್ಬಿಸು ಅಂದ್ಲು. ಗೌಡರು ಕಿವಿಗೆ ಕೈ ಹಚ್ಚಿ ನಿಂತ್ರು. ದುರುಗಪ್ಪ ಬೆವತುಹೋದ. ಗಂಟಲು ಸರಿ ಮಾಡಿಕೊಂಡು, ಎಲೈ ಕತ್ತೆಯೇ, ನಿನ್ನ ಕಿವಿ ನೋಡಿ ಜೋಳ ತೆನೆ ಬಿಡ್ತದೆ ಅಂದ. ಕತ್ತೆ ಒಂದು ಕಾಲೂರಿತು. ನೀನು ಬಂದ್ರೆ ಗಾಳಿನೂ ಕೇಳಿ ದಾರಿ ಬಿಡ್ತದೆ ಅಂದ. ಇನ್ನೊಂದು ಕಾಲೂರಿತು. ತನಗೇ ಅಂತ ಇಟ್ಟುಕೊಂಡಿದ್ದ ಬಡಾಯಿ ಎಲ್ಲಾ ಕತ್ತೆಗೆ ಸುರಿದನಂತೆ. ಕೊನೆಗೆ ಖಾಲಿಯಾಗಿ, ಹೇಳೋಕೆ ಬೇರೇನೂ ತೋಚದೆ, ಅದರ ಕೊರಳು ತಬ್ಬಿ, ನಿಜ ಹೇಳ್ತೀನಿ ಕಣೋ, ನೀನು ಹೊತ್ತು ತಂದ ನೀರಲ್ಲೇ ನಾನು ಬೆಳೆದಿದ್ದು ಅಂದನಂತೆ. ಕತ್ತೆ ಎದ್ದು ದೊಡ್ಡಿ ದಾರಿ ಹಿಡೀತು.

ಗೌಡರು ಪೇಟ ಕೊಡವಿಕೊಂಡು, ಮೂರೂ ಆಯ್ತಪ್ಪ, ನನ್ನ ಕೇಳದೇನೇ ಇವು ಹುಲ್ಲುಗಾವಲಿಗೆ ನುಗ್ಗಿ ಆಯ್ತು, ಇನ್ನು ಅದು ಇವುಗಳದ್ದೇ, ಕುದುರೆಯವನು ಬೇರೆ ಕಡೆ ನೋಡಿಕೊಳ್ಳಲಿ ಅಂದ್ರಂತೆ. ಅವತ್ತಿಂದ ಗೌಡರ ಅವ್ವ ದಿನಾ ಸುದ್ದಿ ತಗೊಂಡು ಬರೋಳು, ನೀಲಿ ಬಾತುಕೋಳಿ ಜೊತೆ ಬಾಗಿಲಲ್ಲಿ ನಿಂತು ನೆಂಟರನ್ನ ಕರೆಯೋಳು.

ದುರುಗಪ್ಪ? ಅವನು ಆವತ್ತು ಖುಷಿಗೆ ತಡೀಲಾರದೆ ಎದೆ ಉಬ್ಬಿಸಿ, ನೋಡಿದ್ರಾ, ಕತ್ತೆ ಹೊಗಳೋದರಲ್ಲಿ ನನ್ನಂಥವನು ಮೂರು ಲೋಕದಲ್ಲೂ ಇಲ್ಲ ಅಂದ. ಅರ್ಧ ದಾರೀಲಿದ್ದ ಕತ್ತೆ ಅದನ್ನ ಕೇಳಿ ಮತ್ತೆ ಕೂತ್ಕೊಂಡಿತಂತೆ.

ಚೆನ್ನೀ... ಹೂಂ ಅನ್ನಲ್ವಾ? ಮಲಗಿತು ನನ್ನ ಮರಿ. ಕತ್ತೆ ಕೂತಲ್ಲಿಗೆ ನಮ್ಮ ಕತೆ ಮುಗೀತು.