ಹುಳು ಕೊಟ್ಟ ತೀರ್ಪು

ಗ್ರಂಥಾಲಯವೊಂದರ ಕಪಾಟಿನಲ್ಲಿ ಮೂರು ಮುದಿ ನಿಘಂಟುಗಳಿದ್ದವು. ‘ಗಿಫ್ಟ್’ ಎಂಬ ಪುಟ್ಟ ಪದ ಮೂರರಲ್ಲೂ ಇತ್ತು. ಇಂಗ್ಲಿಷ್ ನಿಘಂಟು ಅದಕ್ಕೆ ಉಡುಗೊರೆ ಎನ್ನುತ್ತಿತ್ತು, ಸ್ವೀಡಿಷ್ ನಿಘಂಟು ಮದುವೆಯಾದವರು ಎನ್ನುತ್ತಿತ್ತು, ಜರ್ಮನ್ ನಿಘಂಟು ವಿಷ ಎನ್ನುತ್ತಿತ್ತು.

“ಒಳ್ಳೇ ಪದಕ್ಕೆ ವಿಷ ಹಿಂಡಿದೆಯಲ್ಲೋ, ಪಾಪಿ!” ಎಂದು ಇಂಗ್ಲಿಷ್ ಹಂಗಿಸಿತು.

ಜರ್ಮನ್ ನಿಘಂಟಿಗೆ ರಟ್ಟಿನೊಳಗೆ ಬೆಂಕಿ ಬಿದ್ದಂತಾಯಿತು. ಕೆಟ್ಟ ಮಾತಿನ ಮನೆಯೆಂದು ನಾಳೆ ತನ್ನನ್ನು ಯಾರೂ ತೆರೆಯದಿದ್ದರೆ? “ನ್ಯಾಯ ಆಗಲೇಬೇಕು” ಎಂದು, ಮೂರರ ಒಳಹೊರಗನ್ನೂ ಬಲ್ಲ ಪುಸ್ತಕದ ಹುಳುವನ್ನು ಕರೆಸಿತು.

“ರುಚಿ ನೋಡದೆ ತೀರ್ಪು ಹೇಳೋದು ನಮ್ಮ ಮನೆತನದಲ್ಲೇ ಇಲ್ಲ” ಎಂದಿತು ಹುಳು, ಗಂಭೀರವಾಗಿ. ಮೂರೂ ಪುಟ ಬಿಡಿಸಿಕೊಟ್ಟವು. ಹುಳು ಮೂರು ಕಡೆಯೂ ನಿಧಾನವಾಗಿ ಮೆದ್ದು ಬಾಯಿ ಒರೆಸಿಕೊಂಡಿತು.

“ಮೂರರ ಬೇರಿಗೂ ಒಂದೇ ರುಚಿ, ಕೊಡುವುದು. ಒಬ್ಬರು ಉಡುಗೊರೆ ಕೊಟ್ಟರು, ಒಬ್ಬರು ಹೆಣ್ಣು ಕೊಟ್ಟರು, ಒಬ್ಬರು ವಿಷ ಕೊಟ್ಟರು. ನೀವು ಒಡಹುಟ್ಟಿದವರು ಕಣ್ರಯ್ಯಾ!”

ಜರ್ಮನ್ ನಿಘಂಟಿನ ಕೋಪವೆಲ್ಲ ಇಳಿಯಿತು. ತಮ್ಮನ ಪದವನ್ನು ಒಮ್ಮೆ ಪ್ರೀತಿಯಿಂದ ಓದೋಣವೆಂದು ಇಂಗ್ಲಿಷಿನ ಕಡೆ ವಾಲಿತು. ಅಲ್ಲಿ ತೂತಿತ್ತು. ಗಾಬರಿಯಿಂದ ತನ್ನ ಪುಟ ನೋಡಿಕೊಂಡಿತು. ಅಲ್ಲೂ ಅದೇ ಅಳತೆಯ ತೂತು.