ಬೆರಳಿನಷ್ಟು ಸಡಿಲು

ಕಳಕಪ್ಪ ಸೈಕಲ್ ತಳ್ಳಿಕೊಂಡು ಹೊಳೆದಂಡೆಯ ಆಶ್ರಮಕ್ಕೆ ಬಂದಾಗ ಮೊಣಕಾಲಿನ ತನಕ ಧೂಳಾಗಿತ್ತು. ಹನ್ನೆರಡು ಮೈಲಿ ನಡೆದಿದ್ದ. ಒಮ್ಮೆಯೂ ಸೈಕಲ್ ಹತ್ತಿರಲಿಲ್ಲ.

ಆಶ್ರಮದ ಹಿರಿಯ ಸ್ವಾಮಿ ನಿರುಪಾದಿ ಅಜ್ಜಾರು ಬೇವಿನ ಮರದ ಕೆಳಗೆ ಕೂತು ಜೋಳ ಹಸನು ಮಾಡುತ್ತಿದ್ದರು.

"ಅಜ್ಜಾರ, ಇದನ್ನ ಹೊಳಿಗೆ ನೂಕಾಕ ಬಂದೀನ್ರಿ. ನಿಮ್ಮ ಅಪ್ಪಣಿ ಬೇಕು."

ಅಜ್ಜಾರು ತಲೆ ಎತ್ತಿ ನೋಡಿದರು. ಬಹಳ ಹಳೆಯ ಸೈಕಲ್. ಟಪಾಲು ಹಂಚುತ್ತಿದ್ದ ಕಳಕಪ್ಪನ ಅಪ್ಪ ಕೊಂಡದ್ದು. ಹಸಿರು ಬಣ್ಣ ಅಲ್ಲಲ್ಲಿ ಉಳಿದಿತ್ತು. ತೊಗಲಿನ ಸೀಟು, ಚೈನನ್ನು ಪೂರ್ತಿ ಮುಚ್ಚುವ ತಗಡಿನ ಡಬ್ಬಿ. ಆ ಡಬ್ಬಿಯೊಳಗೆ ಕಳಚಿಬಿದ್ದ ಚೈನು ಗಲಗಲ ಅನ್ನುತ್ತಿತ್ತು.

"ಇದೇನು ತಪ್ಪು ಮಾಡೇತಿ?"

"ನಮ್ಮ ಅಕ್ಕನ್ನ ಕೊಂದೈತ್ರಿ."

ಅಜ್ಜಾರು ಮೊರ ಪಕ್ಕಕ್ಕಿಟ್ಟರು.

ಕಳಕಪ್ಪ ನಿಂತಲ್ಲೇ ಹೇಳಿದ. ಅವ್ವ ಸತ್ತಾಗ ಅವನಿಗೆ ನಾಲ್ಕು ವರ್ಷ. ಸಾಕಿದವಳು ಅಕ್ಕ ದ್ಯಾಮವ್ವ. ತಮ್ಮನನ್ನು ಬಿಟ್ಟು ಹೋಗಲಾರೆ ಅಂತ ಮದುವೆಯನ್ನೂ ಆಗಲಿಲ್ಲ. ಅವನು ಹೊಲಿಗೆ ಕಲಿತ, ಅಂಗಡಿ ಇಟ್ಟ. ಅಪ್ಪನೂ ತೀರಿಕೊಂಡ ಮೇಲೆ ಮನೆಯಲ್ಲಿ ಇಬ್ಬರೇ ಉಳಿದರು.

ಹೋದ ವರ್ಷ ಒಂದು ಮಧ್ಯಾಹ್ನ ಶೇಂಗಾ ಹೊಲದಲ್ಲಿ ಅವಳಿಗೆ ಹಾವು ಕಚ್ಚಿತು. ದವಾಖಾನೆಯ ಜೀಪು ತರಲು ಕಳಕಪ್ಪ ಸೈಕಲ್ ಹತ್ತಿ ಹೊರಟ. ದಾರಿಯಲ್ಲಿ ಮೂರು ಸಲ ಚೈನು ಬಿತ್ತು. ಎರಡು ಸಲ ಹೇಗೋ ಏರಿಸಿದ. ಮೂರನೆಯ ಸಲ ಅದು ಡಬ್ಬಿಯೊಳಗೆ ಸಿಕ್ಕಿಕೊಂಡಿತು. ತಿರುಪು ಬಿಚ್ಚಲು ಕೈಯಲ್ಲಿ ಏನೂ ಇರಲಿಲ್ಲ. ಬೆರಳು ಹಾಕಿ ಎಳೆದ, ಬೆರಳು ಹರಿಯಿತು. ಸೈಕಲ್ ಬಿಸಾಕಿ ಓಡಿದ. ಜೀಪು ತರುವ ಹೊತ್ತಿಗೆ ಅಕ್ಕನ ಮುಖಕ್ಕೆ ಸೆರಗು ಹೊದಿಸಿದ್ದರು.

"ಒಂದು ತಿಂಗಳು ಮೊದ್ಲಾ ಅಂದಿದ್ಲ್ರಿ. ಕಳಕಾ, ಚೈನ್ ಸಡಿಲಾಗೇತಿ, ಎಳಸಿ ಬಿಗಿ ಮಾಡಿಸ್ಕೊಂಡು ಬಾರೋ ಅಂತ. ನಾಳಿ ಅಂದೆ. ದಿನಾ ನಾಳಿ ಅಂದೆ."

ಅಜ್ಜಾರು ಕೈಚಾಚಿ ಚೈನಿನ ಡಬ್ಬಿ ತಟ್ಟಿದರು.

"ನೂಕು," ಅಂದರು. "ಆದ್ರ ಚೈನ್ ಸರಿ ಮಾಡಿ ನೂಕು."

"ಹೊಳಿಗೆ ಹಾಕೂದಕ್ಕ ಸರಿ ಯಾಕ ಮಾಡಬೇಕ್ರಿ?"

ಅಜ್ಜಾರು ಮತ್ತೆ ಮೊರ ತೊಡೆಯ ಮೇಲಿಟ್ಟುಕೊಂಡರು.

ಅವತ್ತೇ ಕಳಕಪ್ಪ ಆಶ್ರಮದಲ್ಲಿದ್ದ ಪಾನಾ, ತಿರುಪುಳಿ ಇಸಿದುಕೊಂಡು ಡಬ್ಬಿ ಬಿಚ್ಚಿದ. ಚೈನು ತೆಗೆದು ಸೀಮೆಎಣ್ಣೆಯಲ್ಲಿ ನೆನೆಹಾಕಿದ. ಬ್ರಶ್ಶಿನಿಂದ ತಿಕ್ಕಿದಷ್ಟೂ ಕರಿ ಕೆಸರು ಬಂತು. ಒಂದು ವರ್ಷದಿಂದ ಅವನು ಆ ಚೈನು ಮುಟ್ಟಿರಲಿಲ್ಲ. ಈಗ ಮುಟ್ಟಿದಾಗಲೆಲ್ಲ ಬೆರಳಿನ ಹಳೆಯ ಗಾಯ ಜುಮ್ಮೆನ್ನುತ್ತಿತ್ತು.

"ಒಂದೊಂದು ಕೊಂಡಿ ಬಗ್ಗಿಸಿ ನೋಡು," ಅಂದರು ಅಜ್ಜಾರು.

ನೂರಕ್ಕೂ ಮೇಲೆ ಕೊಂಡಿಗಳಿದ್ದವು. ಮೂರು ಸೆಟೆದು ನಿಂತಿದ್ದವು. ಎಣ್ಣೆ ಬಿಟ್ಟು ಅತ್ತಿತ್ತ ಆಡಿಸುತ್ತ ಕೂತ. ಸಂಜೆಗೆ ಎರಡು ಸಡಿಲಾದವು. ಮೂರನೆಯದು ಮರುದಿನ.

ಚೈನು ಏರಿಸಿ, ಹಿಂದಿನ ಗಾಲಿಯ ನಟ್ಟು ಸಡಿಲಿಸಿ, ಗಾಲಿಯನ್ನು ಹಿಂದಕ್ಕೆ ಎಳೆದ. ಇನ್ನೂ ಎಳೆದ. ಪಾನಾ ಹಾಕಿ ಮೈಯೆಲ್ಲ ಭಾರ ಬಿಟ್ಟು ಬಿಗಿದ.

ಅಜ್ಜಾರು ಪೆಡಲು ತಿರುಗಿಸಿದರು. ಗಾಲಿ ನರಳುತ್ತ ತಿರುಗಿತು.

"ಬಿಗಿ ಭಾಳ ಆತು."

"ಸಡಿಲ ಬಿಟ್ರ ಬೀಳ್ತೈತ್ರಿ."

"ಇಷ್ಟು ಬಿಗಿದ್ರ ಹರೀತೈತಿ." ಅವರು ಚೈನಿನ ನಡುವೆ ಬೆರಳಿಟ್ಟು ಒತ್ತಿದರು. ಅದು ಅಲ್ಲಾಡಲಿಲ್ಲ. "ಇಲ್ಲಿ ಒಂದು ಬೆರಳಿನಷ್ಟು ಆಡಬೇಕು."

ಅವನು ಬಿಚ್ಚಿದ, ಬೆರಳಿನಷ್ಟು ಸಡಿಲು ಬಿಟ್ಟು ಮತ್ತೆ ಬಿಗಿದ. ಅಜ್ಜಾರು ಪೆಡಲನ್ನು ಅರ್ಧ ಸುತ್ತು ತಿರುಗಿಸಿದರು. ಅಲ್ಲಿ ಚೈನು ಮತ್ತೆ ಬಿಗಿಯಾಗಿತ್ತು. ಸವೆದ ಹಲ್ಲಿನ ಚಕ್ರ, ಎಲ್ಲ ಕಡೆ ಒಂದೇ ಸಮ ಇರಲಿಲ್ಲ.

"ಪೂರ್ತಿ ತಿರುಗಿಸು. ಎಲ್ಲಿ ಎಲ್ಲಕ್ಕಿಂತ ಬಿಗಿ ಆಗತೈತೋ ಅಲ್ಲಿ ನೋಡಿ ಸಡಿಲ ಬಿಡು."

ಹಾಗೇ ಮಾಡಿದ. ಈಗ ಗಾಲಿ ಸದ್ದಿಲ್ಲದೆ ತಿರುಗಿತು.

"ಇನ್ನ ಬೀಳೂದಿಲ್ಲಲ್ರಿ?"

"ಬಿದ್ದರೂ ಬೀಳಬಹುದು."

"ಹಂಗಾರ ಎಂದೂ ಬೀಳದಂಗ ಎಷ್ಟು ಬಿಡಬೇಕ್ರಿ?"

"ಅಂಥಾ ಅಳತಿ ಇಲ್ಲ, ಕಳಕಪ್ಪ."

ಕಳಕಪ್ಪ ಪಾನಾ ಕೆಳಗಿಟ್ಟ. ಒಂದು ವರ್ಷದಿಂದ ಕೊರೆಯುತ್ತಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟ.

"ಅಕ್ಕ ಹೇಳಿದ ದಿನಾನ ಚೈನ್ ಎಳಸಿದ್ರ, ಆಕಿ ಉಳೀತಿದ್ಲೇನ್ರಿ?"

ಊರವರೆಲ್ಲ ಇದಕ್ಕೆ ಒಂದೇ ಉತ್ತರ ಕೊಟ್ಟಿದ್ದರು. ಆಕೆಯ ಹಣೆಬರಹ, ನೀನೇನು ಮಾಡುತ್ತೀ ಅಂತ. ಅದೇ ಮಾತನ್ನು ಅಜ್ಜಾರ ಬಾಯಿಂದ ಕೇಳಿದರೆ ನಂಬಬಹುದು ಅಂದುಕೊಂಡಿದ್ದ.

"ಉಳೀತಿದ್ಲೇನೋ," ಅಂದರು ಅಜ್ಜಾರು.

ಕಳಕಪ್ಪ ಹೊಳೆಯ ಮೆಟ್ಟಿಲ ಮೇಲೆ ಹೋಗಿ ಕೂತ. ಮೂರು ದಿನ ಅಲ್ಲಿಂದ ಎದ್ದದ್ದೇ ಕಡಿಮೆ. ಅಜ್ಜಾರು ಎರಡು ಹೊತ್ತು ಅಂಬಲಿ ತಂದು ಪಕ್ಕದಲ್ಲಿಡುತ್ತಿದ್ದರು. ಇಟ್ಟ ಅಂಬಲಿ ಬಹುಪಾಲು ಮೀನಿಗೆ ಹೋಯಿತು.

ನೀರು ನೋಡುತ್ತಿದ್ದರೆ ಸೈಕಲ್ ಒಂದನ್ನೇ ಯಾಕೆ ನೂಕಬೇಕು ಅನ್ನಿಸುತ್ತಿತ್ತು.

ನಾಲ್ಕನೆಯ ದಿನ ಬೆಳಗ್ಗೆ ಎದ್ದು ಸೈಕಲ್ಲಿನ ಹತ್ತಿರ ಹೋದ. ಇವತ್ತು ನೂಕಿಬಿಡುವುದು ಅಂತ ಹ್ಯಾಂಡಲ್ ಹಿಡಿದ.

ಅಷ್ಟರಲ್ಲಿ ನೀಲವ್ವ ಓಡಿಬಂದಳು. ಹೊಳೆಯ ಮೇಲ್ದಂಡೆಯ ಗುಡಿಸಲಿನವಳು, ದೋಣಿ ನಡೆಸುವ ಹುಲಿಗೆಪ್ಪನ ಹೆಂಡತಿ.

"ಅಜ್ಜಾರ, ಇವರು ಎದಿ ಹಿಡ್ಕೊಂಡು ಬಿದ್ದಾರ್ರೀ! ಮಾತು ತೊದಲಾಕತ್ತೈತಿ. ಡಾಕ್ಟರನ್ನ ಕರಸ್ರಿ!"

ಡಾಕ್ಟರು ಇದ್ದದ್ದು ಐದು ಮೈಲಿ ಆಚೆ.

"ಕಳಕಪ್ಪ, ಹೋಗು," ಅಂದರು ಅಜ್ಜಾರು.

ಅವನು ಹ್ಯಾಂಡಲ್ ಬಿಟ್ಟು ಹಿಂದೆ ಸರಿದ. "ನನ್ನ ಕೈಲಿ ಆಗೂದಿಲ್ರಿ. ಬ್ಯಾರೆ ಯಾರನರ ಕಳಸ್ರಿ."

"ಬ್ಯಾರೆ ಯಾರದಾರ ಇಲ್ಲಿ?"

ನೀಲವ್ವ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಸೈಕಲ್ ಹತ್ತಿದ.

ದಾರಿಯುದ್ದಕ್ಕೂ ಕಿವಿ ಚೈನಿನ ಮೇಲೇ ಇತ್ತು. ಕಲ್ಲು ಸಿಕ್ಕರೆ ಜೀವ ಬಾಯಿಗೆ ಬರುತ್ತಿತ್ತು. ಹಳ್ಳದ ಏರಿನಲ್ಲಿ ನಿಂತು ತುಳಿದ. ಬೀಳಬೇಡ, ಬೀಳಬೇಡ ಅಂತ ಬಾಯಲ್ಲೇ ಹೇಳುತ್ತ ತುಳಿದ. ಚೈನು ಬೀಳಲಿಲ್ಲ. ಒಮ್ಮೆಯೂ ಬೀಳಲಿಲ್ಲ.

ಡಾಕ್ಟರು ಮನೆಯಲ್ಲೇ ಸಿಕ್ಕರು. ಚೀಲ ತೆಗೆದುಕೊಂಡು ಮೋಟರ್ ಸೈಕಲ್ ಮೇಲೆ ಮುಂದೆ ಹೋದರು. ಕಳಕಪ್ಪ ಅವರ ಧೂಳಿನ ಹಿಂದೆಯೇ ತುಳಿಯುತ್ತ ಬಂದ. ಅವನ ಎದೆಯಲ್ಲಿ ಏನೋ ಒಂದು ಹಗುರಾಗುತ್ತಿತ್ತು. ಹಾಗೆ ಹಗುರಾಗಿ ಎಷ್ಟು ದಿನವಾಗಿತ್ತೋ.

ಗುಡಿಸಲ ಹತ್ತಿರ ಬರುವಾಗ ಅಳು ಕೇಳಿತು. ಡಾಕ್ಟರು ಚೀಲ ಮುಚ್ಚಿಕೊಂಡು ಹೊರಗೆ ಬರುತ್ತಿದ್ದರು.

"ನಾ ಬರೂದ್ರಾಗ ಮುಗದಿತ್ತು," ಅಂದರು. "ಅರ್ಧ ತಾಸಾಗಿರಬೇಕು."

ಕಳಕಪ್ಪ ಒಳಗೆ ಹೋಗಲಿಲ್ಲ. ಸೈಕಲ್ಲನ್ನು ಬೇಲಿಗೆ ಒರಗಿಸಿ, ಮರಳಿನ ಮೇಲೆ ಕುಸಿದು ಕೂತ.

ಹುಲಿಗೆಪ್ಪನ ಜೊತೆ ಕಡೆಯ ತನಕ ಇದ್ದ ಅಜ್ಜಾರು ಹೊರಗೆ ಬಂದರು. ಬಂದು ಅವನ ಪಕ್ಕದಲ್ಲಿ ಕೂತರು.

"ಚೈನ್ ಬೀಳಲಿಲ್ರಿ ಅಜ್ಜಾರ."

"ಹೂಂ."

"ಎಲ್ಲೂ ನಿಲ್ಲಲಿಲ್ಲ. ನೀರೂ ಕುಡೀಲಿಲ್ಲ. ಆದ್ರೂ ಹೋದ."

"ಹೋದ."

ಕಳಕಪ್ಪ ತಟ್ಟನೆ ಅವರ ಕೈ ಹಿಡಿದುಕೊಂಡ. "ಹಂಗಾರ ಅಕ್ಕನೂ ಉಳೀತಿರಲಿಲ್ಲ. ಅಲ್ರೀ? ಚೈನ್ ಸರಿ ಇದ್ರೂ ಆಕಿ ಹೋಗ್ತಿದ್ಲು. ಹೌದಂತ ಒಂದು ಮಾತು ಹೇಳ್ರಿ. ನೀವು ಹೇಳಿದ್ರ ಸಾಕು."

ಅಜ್ಜಾರು ಕೈ ಬಿಡಿಸಿಕೊಳ್ಳಲಿಲ್ಲ.

"ಅದು ನನಗ ಗೊತ್ತಿಲ್ಲೋ ತಮ್ಮಾ. ಗೊತ್ತಿಲ್ಲದ್ದನ್ನ ಹೆಂಗ ಹೇಳಲಿ?"

ಒಳಗೆ ನೀಲವ್ವ ಗಂಡನ ಹೆಸರು ಹಿಡಿದು ಅಳುತ್ತಿದ್ದಳು. ಕಳಕಪ್ಪ ಕಿವಿ ಮುಚ್ಚಿಕೊಂಡ. ಮುಚ್ಚಿಕೊಂಡೇ ಕೇಳಿದ:

"ಮತ್ತ ಇಷ್ಟೆಲ್ಲಾ ನನ್ನ ಕಡಿಂದ ಯಾಕ ಮಾಡಿಸಿದ್ರಿ? ಮಾಡಿದ್ರೂ ಸಾಯ್ತಾರ, ಮಾಡದಿದ್ರೂ ಸಾಯ್ತಾರ. ನಾ ಯಾತಕ್ಕ ತುಳದೆ?"

ಅಜ್ಜಾರು ಅವನ ಕೈಗಳನ್ನು ಕಿವಿಯಿಂದ ಮೆಲ್ಲಗೆ ಇಳಿಸಿದರು.

"ತನ್ನ ಸಲುವಾಗಿ ಒಬ್ಬ ಹೋಗ್ಯಾನ ಅಂತ ಹುಲಿಗೆಪ್ಪ ಕಡೀತನಕ ದಾರಿ ನೋಡಿದ, ಕಳಕಪ್ಪ. ದಾರಿ ಮ್ಯಾಲ ನೀ ಇದ್ದಿ."