ಬಟ್ಟಲು ಮುಳುಗುವ ತನಕ

ಹೊಳೆದಂಡೆಯ ಮಠದಲ್ಲಿ ಸೋಮವಾರ ಬೆಳಿಗ್ಗೆ ದುರಂತವೊಂದು ಸಂಭವಿಸಿತು. ಪಾಠ ನಡೆಯುತ್ತಿರುವಾಗಲೇ ನೀಲವ್ವ ಎದ್ದು ನಿಂತಳು.

ಪ್ರಾಣಹಾನಿಯಾಗಲಿಲ್ಲ. ಆದರೆ ಅವಳನ್ನು ನೋಡಿ ಉಳಿದ ಮಕ್ಕಳೂ ಎದ್ದವು. ಅರ್ಧ ಹೇಳಿದ ಶ್ಲೋಕ ಅರ್ಧವಾಗಿಯೇ ಉಳಿಯಿತು.

ಚಿಕ್ಕಮಕ್ಕಳಿಗೆ ಪಾಠ ಹೇಳುತ್ತಿದ್ದ ಶಿಷ್ಯ ಮರುಳಸಿದ್ಧ ನೇರವಾಗಿ ಗುರುಗಳ ಬಳಿಗೆ ಹೋದ. ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅಜ್ಜಾರು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು.

"ಅಜ್ಜಾರ, ಆ ಹುಡುಗೀನ ಕುಂದ್ರಸೂದು ನನ್ನ ಕೈಲೆ ಆಗಂಗಿಲ್ರಿ. ಬುಧವಾರ ಅವರವ್ವ ಸಂತಿಗೆ ಬರ್ತಾಳಲ್ಲ, ಆಕಿ ಜೊತಿಗೆ ಮನಿಗೆ ಕಳಿಸಿಬಿಡ್ರಿ."

"ಹುಡುಗಿ ವಯಸ್ಸೆಷ್ಟು?"

"ಐದು."

"ನಿಂದು?"

"ಇಪ್ಪತ್ತೆರಡ್ರಿ."

"ಹಂಗಾರ ಸೋತವ್ರು ಯಾರು?"

ಮರುಳಸಿದ್ಧ ಕೂತು ತಾನೂ ಕಲ್ಲು ಆರಿಸತೊಡಗಿದ.

ಒಮ್ಮೆ ಹೊರಗೆ ಕಳಿಸಿದ ಮಗುವನ್ನು ಆ ಮಠ ಮತ್ತೆ ಸೇರಿಸಿಕೊಳ್ಳುತ್ತಿರಲಿಲ್ಲ. ನೀಲವ್ವನ ತಾಯಿ ಮಗಳನ್ನು ಬಿಟ್ಟುಹೋಗುವಾಗ, "ನನಗಂತೂ ಅಕ್ಷರ ಬರಲಿಲ್ಲ, ಇಕಿಗರೆ ಬರಲಿ" ಎಂದಿದ್ದಳು. ಅದು ಗುರುಶಿಷ್ಯರಿಬ್ಬರಿಗೂ ನೆನಪಿತ್ತು.

"ಆಕಿಗೆ ಕುಂದ್ರು ಅಂತ ಹೆಂಗ ಹೇಳ್ತಿ?" ಅಜ್ಜಾರು ಕೇಳಿದರು.

"ಬೈಯಂಗಿಲ್ರಿ. 'ಒಂದ್ ಗಳಿಗಿ ಕುಂದ್ರವ್ವಾ' ಅಂತ ಪ್ರೀತಿಲೇನ ಹೇಳ್ತೀನಿ."

ಮರುದಿನ ಅಜ್ಜಾರು ಮಕ್ಕಳ ಹಿಂದೆ ಬಂದು ಕುಳಿತರು.

"ನೀಲವ್ವಾ, ಒಂದ್ ಗಳಿಗಿ ಕುಂದ್ರು" ಎಂದು ಮರುಳಸಿದ್ಧ ಪಾಠ ಆರಂಭಿಸಿದ.

ನೀಲವ್ವ ಬಾಗಿಲ ಬದಿಗೆ ಕುಳಿತಳು. ಕಾಲು ಅಲ್ಲಾಡಿಸಿದಳು. ಜಡೆಯ ತುದಿ ಕಚ್ಚಿದಳು. ಅಂಗಳ ನೋಡಿದಳು. ಆದರೆ ಏಳಲಿಲ್ಲ.

ಅಂಗಳದಲ್ಲಿ ನೀರು ತುಂಬಿದ ಹಂಡೆ. ಬುಡಕ್ಕೆ ಸಣ್ಣ ತೂತಿದ್ದ ತಾಮ್ರದ ಬಟ್ಟಲು ಅದರಲ್ಲಿ ತೇಲುತ್ತಿತ್ತು. ಮಠದಲ್ಲಿ ಹೊತ್ತು ಅಳೆಯುತ್ತಿದ್ದುದು ಅದರಿಂದಲೇ; ಒಮ್ಮೆ ತುಂಬಿ ಮುಳುಗಲು ಇಪ್ಪತ್ತನಾಲ್ಕು ನಿಮಿಷ.

ಬಟ್ಟಲು ತುಂಬಿ, ಬುಳುಕ್ ಎಂದು ಮುಳುಗಿತು.

ನೀಲವ್ವ ಎದ್ದು ನಿಂತಳು.

"ನೋಡಿದ್ರ್ಯಾ?" ಎಂದ ಮರುಳಸಿದ್ಧ. ಅವನ ದನಿಯಲ್ಲಿ ಸಂತೋಷವಿತ್ತು.

"ಯಾಕವ್ವ ಎದ್ದಿ?" ಅಜ್ಜಾರು ಕೇಳಿದರು.

"ಮುಳುಗ್ತಲ್ಲರಿ." ಅವಳು ಹಂಡೆಯತ್ತ ಕೈ ತೋರಿಸಿದಳು. "ಗಳಿಗಿ ಆತು. ಅದು ಮುಳುಗಿದ್ರ ಒಂದ್ ಗಳಿಗಿ ಅಂತ ನಾ ಬಂದ ದಿನ ನೀವ ಹೇಳಿದ್ರಿ."

ಮರುಳಸಿದ್ಧ ಹೋಗಿ ಹಂಡೆಯೊಳಗೆ ಇಣುಕಿ ಬಂದ.

"ನಾ ಆ ಗಳಿಗಿ ಅಂದಿದ್ದಿಲ್ರಿ, ಅಜ್ಜಾರ. ಸುಮ್ನ ಮಾತಿಗೆ ಅಂದಿದ್ದು."

"ಆಕಿಗೇನು ಗೊತ್ತು? ಮಠಕ್ಕ ಹೊಸಬಳು."

"ಹಂಗಂತ ಅಷ್ಟಕ್ಕ ಪಾಠ ಮುಗೀತೈತೇನ್ರಿ?"

ಅಜ್ಜಾರು ಎದ್ದು ಹೋಗಿ ಬಟ್ಟಲು ಎತ್ತಿದರು. ನೀರು ಚೆಲ್ಲಿ ನೀಲವ್ವನ ಕೈಗೆ ಕೊಟ್ಟರು.

"ಎಲ್ಲಾರೂ ಓಡಿಹೋಗಿ ಬೇವಿನ ಗಿಡ ಮುಟ್ಟಿ ಬರ್ರಿ. ಬಂದ ಮ್ಯಾಲ ನೀ ಇದನ್ನ ತೇಲಿಬಿಡು. ಮತ್ತ ಮುಳುಗೂತನಕ ಪಾಠ."

ಮಕ್ಕಳು ಓಡಿದವು. ಮುಟ್ಟಿದವು. ಬಂದವು. ನೀಲವ್ವ ಬಟ್ಟಲನ್ನು ಎರಡೂ ಕೈಯಿಂದ ನೀರಿನ ಮೇಲಿಟ್ಟು, ತನ್ನ ಜಾಗಕ್ಕೆ ಬಂದು ಕುಳಿತಳು. ಮರುಳಸಿದ್ಧ ಶ್ಲೋಕ ಹೇಳಿದ. ಈ ಸಲ ಪೂರ್ತಿ ಹೇಳಿದ.

"ಕಾಲು ಇನ್ನೂ ಅಲ್ಲಾಡಸ್ತಾಳ್ರಿ" ಎಂದು ಸಂಜೆ ದೂರಿದ.

"ಬಿಡು. ಕಾಲು ಕಲಿಯಾಕ ಬಂದಿಲ್ಲ."

ಬುಧವಾರ ತಾಯಿ ಬಂದಳು. ಸೊಪ್ಪಿನ ಬುಟ್ಟಿಯನ್ನು ತಲೆಯಿಂದ ಇಳಿಸದೆಯೇ ಕೇಳಿದಳು:

"ನಮ್ಮ ಹುಡುಗಿ ಕುಂದರ್ತಾಳೇನ್ರಿ?"

ಮರುಳಸಿದ್ಧ ಯೋಚಿಸಿ, ಅಳೆದು ಹೇಳಿದ. "ಒಂದ್ ಗಳಿಗಿ ಕುಂದರ್ತಾಳವ್ವ."

ತಾಯಿಯ ಮುಖ ಸಣ್ಣದಾಯಿತು. "ಬರೀ ಒಂದ್ ಗಳಿಗಿನಾ? ಹಂಗಾರ ಕರಕೊಂಡು ಹೋಗ್ಲೇನ್ರಿ, ಅಜ್ಜಾರ?"

"ಬುಟ್ಟಿ ಇಳಿಸವ್ವ" ಎಂದರು ಅಜ್ಜಾರು, ಹಂಡೆಯತ್ತ ಕೈ ತೋರಿಸಿ. "ಪೂರಾ ಒಂದ್ ಗಳಿಗಿ ಕುಂದರ್ತಾಳ."